ಕಾಡಿನ ಬಿತ್ತನೆ ಕಾಯಿ

ಮಕ್ಕಳೇ, ಸೋಮಂದೇಪಲ್ಲಿಯಿಂದ ಹಿಂದೂಪುರಕ್ಕೆ ಹೋಗಿ, ಲೇಪಾಕ್ಷಿಯನ್ನು ದಾಟಿ ಮುಂದೆ ಸಾಗಿದರೆ ಚಿಲಮತ್ತೂರು ಮಂಡಲ ಸಿಗುತ್ತದೆ. ಅಲ್ಲಿ ವೀರಾಪುರ ಎಂಬ ಚಿಕ್ಕ ಊರಿದೆ. ಆ ಊರಿನ ಹುಣಸೆಮರಗಳಿಗೆ ಬಣ್ಣದ ಕೊಕ್ಕರೆಗಳು ಬರುತ್ತವೆ. ಉದ್ದನೆಯ ಹಳದಿ ಕೊಕ್ಕು, ಬಿಳಿ ಮೈ, ರೆಕ್ಕೆಯಲ್ಲಿ ಕಪ್ಪು, ಬಾಲದ ಬಳಿ ಗುಲಾಬಿ ಗರಿ. ನೋಡಲು ಬಲು ಚೆಂದ. ಮನೆಗಳ ಪಕ್ಕದ ಮರಗಳಲ್ಲಿಯೇ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಬೆಳೆಸಿ, ಮರಳಿ ಹಾರಿಹೋಗುತ್ತವೆ. ಇವು ಸೈಬೀರಿಯಾದಿಂದ ಬರುತ್ತವೆಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಬಣ್ಣದ ಕೊಕ್ಕರೆ ನಮ್ಮ ದೇಶದ್ದೇ ಹಕ್ಕಿ.

ವೀರಾಪುರದವರು ಈ ಹಕ್ಕಿಗಳನ್ನು ಹೊಡೆಯುವುದಿಲ್ಲ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬುದು ಅಲ್ಲಿನವರ ನಂಬಿಕೆ.

ಒಮ್ಮೆ ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗಿ ಎದ್ದುನಿಂತು ಕೇಳಿದಳು: "ಸಾರ್, ಮರ ಕಡಿಯದೆ, ಹಕ್ಕಿ ಹೊಡೆಯದೆ ಇದ್ದರೆ ಸಾಕಲ್ಲವೇ?"

ಒಳ್ಳೆಯ ಪ್ರಶ್ನೆ. ಆದರೆ ಸಾಲದು. ಕೊಕ್ಕರೆಯ ಆಹಾರ ಮೀನು. ಮೀನಿಗೆ ಕೆರೆ ಬೇಕು. ಕೆರೆಗೆ ಹಳ್ಳದ ನೀರು ಬೇಕು. ಗುಡ್ಡದ ಮೇಲಿನ ಮರಗಳನ್ನು ಕಡಿದರೆ ಮಳೆಗೆ ಮಣ್ಣು ಕೊಚ್ಚಿಬಂದು ಕೆರೆಯಲ್ಲಿ ಹೂಳು ತುಂಬುತ್ತದೆ. ಮಳೆ ಕಡಿಮೆಯಾದ ವರ್ಷ ನಮ್ಮ ಸೀಮೆಯ ಕೆರೆಗಳು ಹೇಗೆ ಬತ್ತುತ್ತವೆ ಎಂಬುದು ನಿಮಗೆ ತಿಳಿದೇ ಇದೆ. ಮೀನಿಲ್ಲದ ಮೇಲೆ ಹುಣಸೆಮರ ಎಷ್ಟು ದೊಡ್ಡದಿದ್ದರೇನು? ಕೊಕ್ಕರೆ ತನ್ನ ಮರಿಗೆ ಏನು ತಿನ್ನಿಸೀತು?

ಒಂದು ಪ್ರದೇಶದಲ್ಲಿರುವ ಗಿಡ, ಮರ, ಪ್ರಾಣಿ, ಪಕ್ಷಿ, ಹುಳು, ಮೀನು ಇವುಗಳ ಬಗೆಬಗೆಯನ್ನೇ ಜೀವವೈವಿಧ್ಯ ಎನ್ನುತ್ತೇವೆ. ಇವು ಒಂದನ್ನೊಂದು ನಂಬಿ ಬದುಕುತ್ತವೆ. ಆದ್ದರಿಂದ ಒಂದು ಹಕ್ಕಿಯನ್ನೋ ಒಂದು ಮರವನ್ನೋ ಮಾತ್ರ ಕಾಪಾಡಲು ಆಗುವುದಿಲ್ಲ. ಗುಡ್ಡ, ಕಾಡು, ನೀರು, ಅಲ್ಲಿ ವಾಸಿಸುವ ಜನ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಹೀಗೆ ನೋಡಿ ಕಾಪಾಡುವ ವಿಶಾಲವಾದ ಪ್ರದೇಶವೇ ಜೀವಗೋಳ ಮೀಸಲು ಪ್ರದೇಶ. ಯುನೆಸ್ಕೋ ಸಂಸ್ಥೆಯು 1971ರಲ್ಲಿ ಆರಂಭಿಸಿದ ಯೋಜನೆಯೊಂದರಿಂದ ಈ ವಿಚಾರ ಹಲವು ದೇಶಗಳಿಗೆ ಹರಡಿತು.

ಇದರಲ್ಲಿ ಮೂರು ವಲಯಗಳಿವೆ. ಇದನ್ನು ತಿಳಿಯಲು ನಮ್ಮ ರೈತರ ಮನೆಯನ್ನೇ ನೆನೆಯಿರಿ. ಬಿತ್ತನೆಗೆಂದು ತೆಗೆದಿಟ್ಟ ಕಡಲೆಕಾಯಿ ಮೂಟೆ ಒಳಕೋಣೆಯಲ್ಲಿರುತ್ತದೆ. ಎಷ್ಟೇ ಹಸಿವಾದರೂ ಅದನ್ನು ಮುಟ್ಟಲು ಅಜ್ಜಿ ಬಿಡುವುದಿಲ್ಲ. ಮುಂದಿನ ವರ್ಷದ ಬೆಳೆ ಅದರಲ್ಲಿದೆ. ಕಾಡಿನ ಒಳವಲಯವೂ ಹಾಗೆಯೇ. ಅಲ್ಲಿ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ. ಅದರ ಸುತ್ತಲಿನ ನಡುವಲಯದಲ್ಲಿ ಕಾಡಿನ ಅಧ್ಯಯನ ಮಾಡಬಹುದು, ನೋಡಲು ಹೋಗಿಬರಬಹುದು. ಹೊರವಲಯದಲ್ಲಿ ಊರು, ಹೊಲ, ದನಕರು ಎಲ್ಲವೂ ಇರುತ್ತವೆ. ಕಾಡಿಗೆ ಕೇಡಾಗದಂತೆ ಜನ ಅಲ್ಲಿ ಬಾಳುವೆ ನಡೆಸಬೇಕು.

ಭಾರತದ ಮೊದಲ ಜೀವಗೋಳ ಮೀಸಲು ಪ್ರದೇಶ ನೀಲಗಿರಿ. ಇದನ್ನು 1986ರಲ್ಲಿ ಘೋಷಿಸಲಾಯಿತು. ಕರ್ನಾಟಕ, ಕೇರಳ, ತಮಿಳುನಾಡು ಈ ಮೂರೂ ರಾಜ್ಯಗಳಲ್ಲಿ ಇದು ಹರಡಿದೆ. ಇದರ ವಿಸ್ತೀರ್ಣ 5,520 ಚದರ ಕಿಲೋಮೀಟರು. ಬಂಡೀಪುರದ ಆನೆ ಮುದುಮಲೆಗೆ ಹೋಗುವಾಗ ರಾಜ್ಯದ ಗಡಿಯನ್ನು ಕೇಳುವುದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಆಂಧ್ರಪ್ರದೇಶದ ಮೊದಲ ಜೀವಗೋಳ ಮೀಸಲು ಪ್ರದೇಶ ಶೇಷಾಚಲ. ತಿರುಪತಿಗೆ ಹೋದವರು ಆ ಬೆಟ್ಟಗಳನ್ನು ಕಂಡಿದ್ದೀರಿ. ಆಗಿನ ಚಿತ್ತೂರು ಮತ್ತು ಕಡಪ ಜಿಲ್ಲೆಗಳ 4,700 ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶವನ್ನು 2010ರಲ್ಲಿ ಹೀಗೆ ಘೋಷಿಸಲಾಯಿತು. ದೊಡ್ಡ ಕಣ್ಣಿನ ಕಾಡುಪಾಪ ರಾತ್ರಿ ಹೊತ್ತು ಇಲ್ಲಿ ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ಸಾಗುತ್ತದೆ. ಬಂಡೆಗಳ ಸಂದಿನಲ್ಲಿ ಬಂಗಾರದ ಬಣ್ಣದ ಹಲ್ಲಿ ಇದೆ. ತೆಲುಗಿನಲ್ಲಿ ಅದನ್ನು ಬಂಗಾರು ಬಲ್ಲಿ ಎನ್ನುತ್ತಾರೆ. ಕಾಡಿನ ಸೊಪ್ಪು ಬೇರುಗಳ ಗುಣ ಬಲ್ಲ ಯಾನಾದಿ ಜನರೂ ಈ ಭಾಗದಲ್ಲಿ ವಾಸಿಸುತ್ತಾರೆ.

ಇಲ್ಲಿನ ರಕ್ತಚಂದನ ಲೋಕಪ್ರಸಿದ್ಧ. ಪೂರ್ವಘಟ್ಟದ ದಕ್ಷಿಣ ಭಾಗದ ಕಾಡುಗಳನ್ನು ಬಿಟ್ಟರೆ ಈ ಮರ ಬೇರೆಲ್ಲಿಯೂ ತಾನಾಗಿ ಬೆಳೆಯುವುದಿಲ್ಲ. ಅದರ ಕೆಂಪು ತಿರುಳು ನೀರಿನಲ್ಲಿ ಮುಳುಗುವಷ್ಟು ಭಾರ. ಆ ತಿರುಳು ಬಲಿಯಲು ಹತ್ತಾರು ವರ್ಷ ಬೇಕು. ಹಣದ ಆಸೆಗೆ ಕಳ್ಳರು ಅದನ್ನು ಒಂದೇ ರಾತ್ರಿಯಲ್ಲಿ ಕಡಿದು ಸಾಗಿಸುತ್ತಾರೆ. ಕಾವಲು ಇದ್ದರೂ ಈ ಕಳ್ಳಸಾಗಣೆ ಪೂರ್ತಿಯಾಗಿ ನಿಂತಿಲ್ಲ. ನಕ್ಷೆಯಲ್ಲಿ ಗೆರೆ ಎಳೆದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ವೀರಾಪುರದ ಹುಣಸೆಮರಗಳ ಸುತ್ತ ಯಾರೂ ಗೆರೆ ಎಳೆದಿರಲಿಲ್ಲ. ಅಲ್ಲಿ ಊರಿನವರೇ ಕಾವಲುಗಾರರು.

ಪದಗಳ ಅರ್ಥ
ಮೀಸಲು – ಒಂದು ಉದ್ದೇಶಕ್ಕಾಗಿ ತೆಗೆದಿಟ್ಟದ್ದು
ಹೂಳು – ನೀರಿನೊಡನೆ ಬಂದು ತಂಗಿದ ಮಣ್ಣು
ತಿರುಳು – ಮರದ ಒಳಗಿನ ಗಟ್ಟಿಯಾದ ಭಾಗ

ಅಭ್ಯಾಸ
1. ಗುಡ್ಡದ ಮರ ಕಡಿದರೆ ಬಣ್ಣದ ಕೊಕ್ಕರೆಗೆ ಏನು ತೊಂದರೆ?
2. ಒಳವಲಯವನ್ನು ಬಿತ್ತನೆ ಕಡಲೆಕಾಯಿಗೆ ಏಕೆ ಹೋಲಿಸಲಾಗಿದೆ?
3. ನಿಮ್ಮ ಊರಿನ ಕೆರೆಗೆ ನೀರು ಯಾವ ಗುಡ್ಡದಿಂದ, ಯಾವ ಹಳ್ಳದಿಂದ ಬರುತ್ತದೆ? ಹಿರಿಯರನ್ನು ಕೇಳಿ ತಿಳಿದು, ಅದರ ಚಿತ್ರ ಬರೆಯಿರಿ.