ಕಡಲ ಕೆಳಗೆ ಒಂದು ರೈಲು

ರೈಲು ಸೇತುವೆ ಮೇಲೆ ಓಡುವುದನ್ನು ನೋಡಿದ್ದೀರಿ. ಗುಡ್ಡ ಕೊರೆದ ಸುರಂಗದಲ್ಲಿ ಓಡುವುದನ್ನೂ ಕೇಳಿದ್ದೀರಿ. ಆದರೆ ಕಡಲ ಕೆಳಗೆ ಓಡುವ ರೈಲು?

"ಅದು ಹ್ಯಾಗೆ ಆಗ್ತದೆ? ನೀರು ಒಳಗೆ ನುಗ್ಗೋದಿಲ್ವಾ?" ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಬನ್ನಿ, ಆ ರೈಲಿನ ಕತೆ ಓದೋಣ.

ಎರಡು ರಾಜಧಾನಿಗಳು

ಬ್ರಿಟನ್ ದೇಶದ ರಾಜಧಾನಿ ಲಂಡನ್. ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್. ಎರಡೂ ಯೂರೋಪ್ ಖಂಡದ ದೊಡ್ಡ ನಗರಗಳು. ಈ ಎರಡು ದೇಶಗಳ ನಡುವೆ ಒಂದು ಕಡಲಿದೆ. ಅದಕ್ಕೆ ಇಂಗ್ಲಿಷ್ ಕಡಲ್ಗಾಲುವೆ ಎಂದು ಹೆಸರು. ಹೆಸರು ಮಾತ್ರ ಕಾಲುವೆ. ತೀರಾ ಕಿರಿದಾದ ಕಡೆಯಲ್ಲೂ ಅದರ ಅಗಲ ಸುಮಾರು 33 ಕಿ.ಮೀ.!

ಹಿಂದೆ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೋಗುವವರು ರೈಲಿನಲ್ಲಿ ಕಡಲ ತೀರಕ್ಕೆ ಬರುತ್ತಿದ್ದರು. ಅಲ್ಲಿ ಇಳಿದು ಹಡಗು ಹತ್ತುತ್ತಿದ್ದರು. ಆಚೆ ದಡದಲ್ಲಿ ಮತ್ತೆ ರೈಲು. ಗಂಟುಮೂಟೆ ಹೊತ್ತು ಹತ್ತಿ ಇಳಿಯೋದೇ ಕೆಲಸ. ಬಿರುಗಾಳಿ ಎದ್ದರೆ ಹಡಗು ಹೊರಡುವಂತಿರಲಿಲ್ಲ. ಕಾಯಬೇಕಿತ್ತು.

ಭಯ ತಡೆದ ದಾರಿ

ಕಡಲ ಕೆಳಗೆ ಸುರಂಗ ಮಾಡುವ ಯೋಚನೆ ಹೊಸದಲ್ಲ. 1802ರಲ್ಲೇ ಫ್ರಾನ್ಸಿನ ಒಬ್ಬ ಎಂಜಿನಿಯರ್ ಒಂದು ನಕ್ಷೆ ಮಾಡಿದ. ಆಗ ರೈಲು ಇರಲಿಲ್ಲ. ಸುರಂಗದಲ್ಲಿ ಎಣ್ಣೆ ದೀಪ ಹಚ್ಚಿ ಕುದುರೆ ಗಾಡಿ ಓಡಿಸೋಣ ಎಂದು ಅವನು ಹೇಳಿದ.

1880ರ ಹೊತ್ತಿಗೆ ಎರಡೂ ದಡಗಳಲ್ಲಿ ಅಗೆತ ಶುರುವಾಯಿತು. ಯಂತ್ರವೂ ಬಂದಿತ್ತು. ಆದರೆ 1882ರಲ್ಲಿ ಬ್ರಿಟನ್ ಸರ್ಕಾರ ಕೆಲಸ ನಿಲ್ಲಿಸಿತು. ಯಾಕೆ ಗೊತ್ತಾ? ಸುರಂಗದ ದಾರಿಯಲ್ಲಿ ಫ್ರಾನ್ಸಿನ ಸೈನ್ಯ ನುಗ್ಗಿ ಬಂದರೆ ಏನು ಗತಿ ಎಂದು ಸೇನೆಯ ಅಧಿಕಾರಿಗಳು ಹೆದರಿದರು. ಈ ಎರಡು ದೇಶಗಳು ನೂರಾರು ವರ್ಷ ಕಾದಾಡಿದ್ದವು. 1815ರಲ್ಲಿ ವಾಟರ್ಲೂ ಎಂಬಲ್ಲಿ ದೊಡ್ಡ ಯುದ್ಧವೇ ಆಗಿತ್ತು. ಅದರಲ್ಲಿ ಫ್ರಾನ್ಸ್ ಸೋತಿತ್ತು. ನೆರೆಯವರ ಮೇಲೆ ನಂಬಿಕೆ ಇಲ್ಲದಿದ್ದರೆ ನಡುವೆ ಬಾಗಿಲು ಇಡಲು ಯಾರು ಒಪ್ಪುತ್ತಾರೆ?

ಕಾಲ ಉರುಳಿತು. ಎರಡು ಮಹಾಯುದ್ಧಗಳಲ್ಲಿ ಎರಡೂ ದೇಶಗಳು ಒಂದೇ ಕಡೆ ನಿಂತು ಹೋರಾಡಿದವು. ಹಳೆಯ ಭಯ ಕರಗಿತು. 1974ರಲ್ಲಿ ಮತ್ತೆ ಅಗೆಯಲು ಹೊರಟರು. ಖರ್ಚಿಗೆ ಹೆದರಿ ಬ್ರಿಟನ್ 1975ರಲ್ಲಿ ಕೈಬಿಟ್ಟಿತು. ಕೊನೆಗೆ 1986ರಲ್ಲಿ ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು.

ನೀರು ಯಾಕೆ ನುಗ್ಗಲಿಲ್ಲ?

ಸುರಂಗ ಇರುವುದು ನೀರಿನಲ್ಲಿ ಅಲ್ಲ. ಕಡಲ ತಳದ ನೆಲದಿಂದಲೂ ಸುಮಾರು 40 ಮೀಟರ್ ಕೆಳಗೆ. ಅಲ್ಲಿ ಸುಣ್ಣಕಲ್ಲು ಮತ್ತು ಜೇಡಿ ಬೆರೆತ ಒಂದು ಪದರ ಇದೆ. ಅದನ್ನು ಅಗೆಯೋದು ಸುಲಭ. ಅದರಲ್ಲಿ ನೀರು ಬೇಗ ಇಳಿಯೋದಿಲ್ಲ. ಆ ಪದರವನ್ನೇ ಹಿಡಿದು ಅಗೆದರು. ಅಗೆದ ಕೂಡಲೇ ಸುತ್ತ ಕಾಂಕ್ರೀಟ್ ತುಂಡುಗಳನ್ನು ಜೋಡಿಸಿದರು. ನಾವು ಬಾವಿಗೆ ಸಿಮೆಂಟ್ ರಿಂಗ್ ಇಳಿಸುತ್ತೇವಲ್ಲ, ಹಾಗೆ. ಆದರೂ ಸ್ವಲ್ಪ ನೀರು ಜಿನುಗುತ್ತದೆ. ಅದನ್ನು ಪಂಪಿನಿಂದ ಹೊರಗೆ ಹಾಕುತ್ತಾರೆ.

ಅಲ್ಲಿರುವುದು ಒಂದು ಸುರಂಗವಲ್ಲ, ಮೂರು. ಒಂದು ಹೋಗುವ ರೈಲಿಗೆ. ಒಂದು ಬರುವ ರೈಲಿಗೆ. ನಡುವೆ ಒಂದು ಚಿಕ್ಕ ಸುರಂಗ, ಆಪತ್ತಿಗೆ. 1996ರಲ್ಲಿ ಲಾರಿಗಳನ್ನು ಸಾಗಿಸುವ ಒಂದು ರೈಲಿಗೆ ಒಳಗೇ ಬೆಂಕಿ ಬಿತ್ತು. ಅದರಲ್ಲಿದ್ದ ಎಲ್ಲರೂ ಈ ಚಿಕ್ಕ ಸುರಂಗಕ್ಕೆ ಬಂದು ಜೀವ ಉಳಿಸಿಕೊಂಡರು.

ಕೈಗೆ ಕೈ ಸೇರಿತು

ಬ್ರಿಟನ್ನಿನವರು ತಮ್ಮ ಕಡೆಯಿಂದ ಅಗೆದರು. ಫ್ರಾನ್ಸಿನವರು ತಮ್ಮ ಕಡೆಯಿಂದ ಅಗೆದರು. ಕಡಲ ಕೆಳಗೆ ಕತ್ತಲಲ್ಲಿ ಇಬ್ಬರೂ ಒಂದೇ ಕಡೆ ಬಂದು ಸೇರಬೇಕು. ದಾರಿ ತಪ್ಪಿದರೆ ಎಲ್ಲಾ ವ್ಯರ್ಥ.

ಮೊದಲು ಸೇರಿದ್ದು ನಡುವಿನ ಚಿಕ್ಕ ಸುರಂಗ. ಅಂದು 1990ರ ಡಿಸೆಂಬರ್ 1. ಬ್ರಿಟನ್ನಿನ ಕಾರ್ಮಿಕ ಗ್ರಹಾಂ ಫ್ಯಾಗ್ ಮತ್ತು ಫ್ರಾನ್ಸಿನ ಕಾರ್ಮಿಕ ಫಿಲಿಪ್ ಕೊಜೆಟ್ ಕೊನೆಯ ಗೋಡೆ ಒಡೆದರು. ಆ ತೂತಿನಲ್ಲೇ ಕೈ ಕುಲುಕಿದರು. ಬಾವುಟ ಬದಲಾಯಿಸಿಕೊಂಡರು. ಎರಡೂ ಕಡೆಯ ಅಗೆತದಲ್ಲಿ ಬಂದ ವ್ಯತ್ಯಾಸ ಒಂದು ಮೊಳವೂ ಇರಲಿಲ್ಲ.

ಈ ಕೆಲಸಕ್ಕೆ ಸಾವಿರಾರು ಮಂದಿ ದುಡಿದರು. ಅವರಲ್ಲಿ 10 ಮಂದಿ ಕಾರ್ಮಿಕರು ಕೆಲಸ ಮಾಡುತ್ತಲೇ ಪ್ರಾಣ ಬಿಟ್ಟರು. 1994ರ ಮೇ 6ರಂದು ಬ್ರಿಟನ್ನಿನ ರಾಣಿ ಮತ್ತು ಫ್ರಾನ್ಸಿನ ಅಧ್ಯಕ್ಷರು ಸುರಂಗವನ್ನು ಉದ್ಘಾಟಿಸಿದರು. ಉದ್ಘಾಟನೆ ಮಾಡಿದವರನ್ನು ಲೋಕ ನೆನೆಯುತ್ತದೆ. ಆ ಹತ್ತು ಮಂದಿಯನ್ನೂ ನಾವು ನೆನೆಯಬೇಕು.

ಪ್ರಯಾಣ ಹೊರಡೋಣ

ಈ ರೈಲಿನ ಹೆಸರು ಯೂರೋಸ್ಟಾರ್. 1994ರ ನವೆಂಬರಿನಲ್ಲಿ ಅದು ಓಡಲು ಶುರುವಾಯಿತು. ಲಂಡನ್ನಿನಲ್ಲಿ ಅದು ನಿಲ್ಲುತ್ತಿದ್ದ ನಿಲ್ದಾಣದ ಹೆಸರು ಏನು ಗೊತ್ತಾ? ವಾಟರ್ಲೂ! ಫ್ರಾನ್ಸ್ ಸೋತ ಯುದ್ಧದ ಹೆಸರೇ. 2007ರಿಂದ ಅದು ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಹೊರಡುತ್ತದೆ.

ರೈಲು ಹೊರಡುವುದಕ್ಕೆ ಒಂದು ಗಂಟೆಗೂ ಮೊದಲೇ ನಿಲ್ದಾಣಕ್ಕೆ ಬರಬೇಕು. ಟಿಕೆಟಿನಲ್ಲಿ ಹೊರಡುವ ಹೊತ್ತು, ಬೋಗಿ ನಂಬರು, ಸೀಟು ನಂಬರು ಇರುತ್ತವೆ. ಅದನ್ನು ಓದಿಕೊಳ್ಳಬೇಕು. ಇದು ದೇಶದಿಂದ ದೇಶಕ್ಕೆ ಹೋಗುವ ರೈಲು. ಆದ್ದರಿಂದ ಪಾಸ್‌ಪೋರ್ಟ್ ಬೇಕು. ಭಾರತದವರಿಗೆ ಸಾಮಾನ್ಯವಾಗಿ ಎರಡೂ ಕಡೆಯ ವೀಸಾ ಬೇರೆ ಬೇರೆ ಬೇಕು. ಒಂದು ವಿಶೇಷ ನೋಡಿ. ಫ್ರಾನ್ಸಿನ ಅಧಿಕಾರಿಗಳು ಲಂಡನ್ನಿನಲ್ಲೇ ಪಾಸ್‌ಪೋರ್ಟ್ ತಪಾಸಣೆ ಮುಗಿಸುತ್ತಾರೆ. ಪ್ಯಾರಿಸ್ಸಿನಲ್ಲಿ ಇಳಿದವರು ನೇರವಾಗಿ ಹೊರಗೆ ನಡೆಯಬಹುದು.

ರೈಲು ಕರೆಂಟಿನಿಂದ ಓಡುತ್ತದೆ. ಅದರ ವೇಗ ಗಂಟೆಗೆ 300 ಕಿ.ಮೀ. ತನಕ ಏರುತ್ತದೆ. ಅಂದರೆ ನಿಮಿಷಕ್ಕೆ 5 ಕಿ.ಮೀ. ನಾವು ಒಂದು ಗಂಟೆ ನಡೆಯುವ ದಾರಿ, ಅದಕ್ಕೆ ಒಂದೇ ನಿಮಿಷ! ಇಷ್ಟು ವೇಗದಲ್ಲಿ ಹಳಿ ಪಕ್ಕದ ಸಿಗ್ನಲ್ ಚಾಲಕನ ಕಣ್ಣಿಗೆ ಹಿಡಿಯೋದಿಲ್ಲ. ಆದ್ದರಿಂದ ಸಿಗ್ನಲ್ ಅವನ ಮುಂದಿನ ಫಲಕದಲ್ಲೇ ಕಾಣುತ್ತದೆ. ಈ ಹಳಿಗೆ ಎಲ್ಲೂ ರೈಲ್ವೆ ಗೇಟು ಇಲ್ಲ. ಎರಡೂ ಪಕ್ಕ ಬೇಲಿ ಇದೆ. ರಸ್ತೆಗಳು ಮೇಲಿನಿಂದಲೋ ಕೆಳಗಿನಿಂದಲೋ ಹಾಯುತ್ತವೆ.

ಸುರಂಗ ಬಂತು. ವೇಗ 160 ಕಿ.ಮೀ.ಗೆ ಇಳಿಯುತ್ತದೆ. ಸುರಂಗದ ಉದ್ದ 50 ಕಿ.ಮೀ. ಅದರಲ್ಲಿ 38 ಕಿ.ಮೀ. ಕಡಲ ಕೆಳಗೇ ಇದೆ. ಮೀನು ಕಾಣುತ್ತದೇನೋ ಎಂದು ಮಕ್ಕಳು ಕಿಟಕಿಗೆ ಮುಖ ಇಟ್ಟರೆ ಬರೀ ಕತ್ತಲೆ. ಸುಮಾರು 20 ನಿಮಿಷದಲ್ಲಿ ಬೆಳಕು. ಆಗಲೇ ಫ್ರಾನ್ಸ್!

ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಬೇಕು. ಪ್ಯಾರಿಸ್ಸಿನ ಹೊತ್ತು ಲಂಡನ್ನಿಗಿಂತ ಒಂದು ಗಂಟೆ ಮುಂದಿದೆ. ಇದನ್ನು ಮರೆತವರು ಮರಳುವಾಗ ರೈಲು ತಪ್ಪಿಸಿಕೊಂಡಾರು! ಕೊನೆಗೆ ರೈಲು ಪ್ಯಾರಿಸ್ಸಿನ ಗಾರ್ ದು ನೋರ್ ನಿಲ್ದಾಣದಲ್ಲಿ ನಿಲ್ಲುತ್ತದೆ. ದೂರ ಸುಮಾರು 490 ಕಿ.ಮೀ. ಹಿಡಿದ ಹೊತ್ತು ಸುಮಾರು 2 ಗಂಟೆ 20 ನಿಮಿಷ.

ಸೈನ್ಯ ಬಂದೀತು ಎಂದು ಹೆದರಿದ್ದ ದಾರಿಯಲ್ಲಿ ಇವತ್ತು ಬರುವವರು ಯಾರು? ಕೂಲಿಗೆ, ಓದಿಗೆ, ವ್ಯಾಪಾರಕ್ಕೆ ಹೋಗುವ ಜನ. ಮಕ್ಕಳನ್ನು ನೋಡಲು ಹೊರಟ ಅಜ್ಜ ಅಜ್ಜಿ.

ಹೊಸ ಪದಗಳು

ಸುರಂಗ – ನೆಲದ ಒಳಗೆ ಕೊರೆದ ದಾರಿ
ಒಪ್ಪಂದ – ಇಬ್ಬರೂ ಒಪ್ಪಿ ಬರೆದುಕೊಂಡ ಮಾತು
ತಪಾಸಣೆ – ಪರೀಕ್ಷಿಸಿ ನೋಡುವುದು
ವೀಸಾ – ಇನ್ನೊಂದು ದೇಶದೊಳಗೆ ಹೋಗಲು ಆ ದೇಶ ಕೊಡುವ ಅನುಮತಿ

ಉತ್ತರ ಹೇಳಿ

1. 1882ರಲ್ಲಿ ಸುರಂಗದ ಕೆಲಸ ಯಾಕೆ ನಿಂತಿತು?
2. ನಡುವಿನ ಚಿಕ್ಕ ಸುರಂಗದಿಂದ ಏನು ಉಪಯೋಗ?

ಲೆಕ್ಕ ಮಾಡಿ

ರೈಲು ಲಂಡನ್ನಿನಿಂದ ಬೆಳಿಗ್ಗೆ 9 ಗಂಟೆಗೆ ಹೊರಟಿತು. ಪ್ರಯಾಣಕ್ಕೆ 2 ಗಂಟೆ 20 ನಿಮಿಷ ಹಿಡಿಯಿತು. ಇಳಿದಾಗ ಪ್ಯಾರಿಸ್ಸಿನ ಗಡಿಯಾರದಲ್ಲಿ ಎಷ್ಟು ಗಂಟೆ?

ಕೂಡಿ ಮಾತಾಡಿ

ನೆರೆಹೊರೆಯವರ ನಡುವೆ ಭಯ ಇದ್ದಾಗ ಯಾವ ಯಾವ ಕೆಲಸ ನಿಲ್ಲುತ್ತದೆ? ಮೊದಲ ಹೆಜ್ಜೆ ಯಾರು ಇಡಬೇಕು?