ಭತ್ತವೂ ಅದರ ಕಾಡು ಬಂಧುಗಳೂ



ನಾವು ನಿತ್ಯವೂ ಉಣ್ಣುವ ಅನ್ನದ ವಂಶಚರಿತ್ರೆಯನ್ನು ವಿಚಾರಿಸುವವರು ವಿರಳ. ಒಮ್ಮೆ ಪ್ರಕೃತಿಪಾಠದ ವೇಳೆಯಲ್ಲಿ ರೈತರ ಮನೆಯ ಹುಡುಗಿಯೊಬ್ಬಳು ಕೆರೆಯಂಚಿನಿಂದ ಕಾಡುಭತ್ತದ ತೆನೆಯೊಂದನ್ನು ತಂದಳು. ಕಾಳಿನ ತುದಿಯಲ್ಲಿ ನೀಳವಾದ ಮುಳ್ಳಿತ್ತು. ಮೇಜಿನ ಮೇಲಿಟ್ಟ ಮಾತ್ರಕ್ಕೆ ಕಾಳುಗಳು ಉದುರಿಹೋದವು. “ಇದು ಕಳೆ, ಅಮ್ಮನವರೇ, ನಮ್ಮಪ್ಪ ಇದನ್ನು ಕಿತ್ತೆಸೆಯುತ್ತಾರೆ” ಎಂದಳು. ಗದ್ದೆಯಲ್ಲಿ ಅದು ಕಳೆಯೇ ಸರಿ. ಆದರೆ ಅದು ನಮ್ಮ ಭತ್ತದ ರಕ್ತಸಂಬಂಧಿಯೂ ಹೌದು.

ವಂಶದ ಬರಹ: ಪ್ರತಿಯೊಂದು ಸಸ್ಯದ ಜೀವಕಣದೊಳಗೆ ಅದರ ವಂಶಗುಣಗಳೆಲ್ಲವೂ ಬರೆದಂತೆ ಅಡಗಿರುವವು. ಈ ಇಡೀ ಬರಹಕ್ಕೆ ಜೀನೋಮ್ ಎಂದು ಹೆಸರು. ಭತ್ತದಲ್ಲಿ ಇದು 12 ಜೊತೆ ವರ್ಣತಂತುಗಳಲ್ಲಿ ಹಂಚಿಕೊಂಡಿರುವದು. ಒಂದು ಪ್ರತಿಯಲ್ಲಿ ಸುಮಾರು 39 ಕೋಟಿ ಅಕ್ಷರಗಳಿರುವವು. ಭಾರತವೂ ಸೇರಿ ಹಲವು ದೇಶಗಳ ವಿದ್ವಾಂಸರು ಇದನ್ನು ಓದಿ 2005ನೆಯ ಇಸವಿಯಲ್ಲಿ ಪೂರ್ಣಗೊಳಿಸಿದರು. ತಲೆಮಾರಿನಿಂದ ತಲೆಮಾರಿಗೆ ಬರಹವು ನಕಲಾಗುವಾಗ ಒಂದೆರಡು ಅಕ್ಷರ ತಪ್ಪುವದುಂಟು. ಆ ತಪ್ಪುಗಳೇ ಮಾರ್ಪಾಟಿನ ಬೀಜಗಳು.

ಮನುಷ್ಯನ ಆಯ್ಕೆ: ಕಾಳು ಉದುರುವದು ಕಾಡುಭತ್ತಕ್ಕೆ ಹಿತ, ಕೊಯ್ಯುವವರಿಗೆ ನಷ್ಟ. ಎಂಟು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಚೀನಾದೇಶದ ಯಾಂಗ್‌ಟ್ಸಿ ಕಣಿವೆಯ ಜನರು ಕಾಡುಭತ್ತವನ್ನು ಕೂಡಿಸಿ ಬಿತ್ತತೊಡಗಿದಾಗ, ತೆನೆಯಲ್ಲೇ ನಿಂತ ಕಾಳುಗಳೇ ಹೆಚ್ಚಾಗಿ ಬುಟ್ಟಿಗೆ ಬಂದವು. ಅವೇ ಮರುವರ್ಷದ ಬಿತ್ತನೆಯಾದವು. ಈ ಗುಣಕ್ಕೆ ಮುಖ್ಯ ಕಾರಣವಾದ ಜೀನೊಂದರಲ್ಲಿ ಬದಲಾದದ್ದು ಒಂದೇ ಅಕ್ಷರವೆಂದು 2006ರಲ್ಲಿ ಕಂಡುಬಂದಿತು. ಕಾಡುಭತ್ತದ ಅಕ್ಕಿ ಸಾಮಾನ್ಯವಾಗಿ ಕೆಂಪು. ಮತ್ತೊಂದು ಜೀನಿನಲ್ಲಿ 14 ಅಕ್ಷರಗಳು ಬಿಟ್ಟುಹೋದದ್ದರಿಂದ ಬಹುಪಾಲು ತಳಿಗಳಲ್ಲಿ ಅದು ಬಿಳಿದಾಯಿತು.

ಬರಹ ಬೆಳೆಯುವದೂ ಉಂಟು. ಆಸ್ಟ್ರೇಲಿಯಾದ ಒಂದು ಕಾಡುಭತ್ತದಲ್ಲಿ ಕೆಲವು ತುಣುಕುಗಳು ತಮ್ಮನ್ನು ತಾವೇ ನಕಲು ಮಾಡಿಕೊಂಡು ಅಲ್ಲಲ್ಲಿ ಸೇರಿದ್ದರಿಂದ, ಅದರ ಜೀನೋಮ್ ನಮ್ಮ ಭತ್ತದ ಎರಡರಷ್ಟಕ್ಕೂ ಮಿಕ್ಕಿ ಬೆಳೆದಿರುವದು.

ಕಳೆದುಕೊಂಡದ್ದು: ಬೇಕಾದದ್ದನ್ನು ಆಯ್ದಾಗ ಎಷ್ಟೋ ಗುಣಗಳು ಹೊರಗುಳಿದವು. 1970ರ ದಶಕದಲ್ಲಿ ಕಂದು ಜಿಗಿಹುಳು ಹರಡುವ ಒಂದು ವೈರಸ್ ರೋಗವು ಏಷ್ಯಾಖಂಡದ ಗದ್ದೆಗಳನ್ನು ಹಾಳುಗೆಡವಿತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದಾಗ, ಆ ರೋಗವನ್ನು ತಡೆಯುವ ಶಕ್ತಿ ಸಿಕ್ಕಿದ್ದು ಉತ್ತರ ಪ್ರದೇಶದಿಂದ ತಂದಿದ್ದ ಒಂದು ಕಾಡುಭತ್ತದಲ್ಲಿ. ಅದರ ಶಾಸ್ತ್ರೀಯ ನಾಮ ಒರೈಜಾ ನಿವಾರಾ. ಕಾಳಿದಾಸನ ಶಾಕುಂತಲದ ಆಶ್ರಮದಲ್ಲಿ ಕಾಣುವ ‘ನೀವಾರ’ ಧಾನ್ಯದ ಹೆಸರೇ ಅದು. ಗುರುದೇವ್ ಖುಷ್ ಮತ್ತು ಸಂಗಡಿಗರು ಆ ಗುಣವನ್ನು ಕೃಷಿಯ ಭತ್ತಕ್ಕೆ ತಂದು ಬೆಳೆಸಿದ ಐಆರ್ 36 ಎಂಬ ತಳಿಯು 1976ರಲ್ಲಿ ಬಿಡುಗಡೆಯಾಗಿ ಲಕ್ಷಾಂತರ ರೈತರ ಗದ್ದೆಗಳಿಗೆ ಬಂದಿತು.

ಆ ಬೀಜವನ್ನು ಯಾರೂ ಕೂಡಿಸಿಡದಿದ್ದರೆ ಗತಿಯೇನಾಗುತ್ತಿತ್ತು? ಕೆರೆಕುಂಟೆಗಳನ್ನು ಮುಚ್ಚಿದಲ್ಲೆಲ್ಲಾ ಇಂಥ ಬಂಧುಗಳು ಅಳಿಯುವವು; ಅಳಿದ ಬರಹವನ್ನು ಮತ್ತೆ ಬರೆಯಲು ನಮ್ಮಿಂದಾಗದು. ಗದ್ದೆಯ ಕಳೆಯನ್ನು ಕೀಳಬೇಡಿರೆಂದು ನಾವು ಹೇಳುವದಿಲ್ಲ. ಕೆರೆಯಂಚಿನದು ಉಳಿಯಲಿ, ಅದರ ಬೀಜವು ಬೀಜಭಂಡಾರವನ್ನು ಸೇರಲಿ ಎಂಬದೇ ನಮ್ಮ ಮಾತು.

ಅಭ್ಯಾಸ: ರಜೆಯಲ್ಲಿ ಊರಿಗೆ ಹೋದಾಗ ಮಾಗಿದ ಕಾಡುಭತ್ತದ ತೆನೆಯನ್ನೂ ಗದ್ದೆಯ ತೆನೆಯನ್ನೂ ಬಿಳಿಯ ಬಟ್ಟೆಯ ಮೇಲೆ ಮೆಲ್ಲಗೆ ಅಲ್ಲಾಡಿಸಿರಿ. ಉದುರಿದ ಕಾಳುಗಳನ್ನು ಎಣಿಸಿ, ಮುಳ್ಳನ್ನೂ ಅಕ್ಕಿಯ ಬಣ್ಣವನ್ನೂ ನೋಡಿ, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿರಿ.