ಮುಕ್ತ ತಂತ್ರಾಂಶದ ಪರೀಕ್ಷೆಯೂ ಹಂಚಿಕೆಯ ಇಮೇಜುಗಳ ಪಾಲನೆಯೂ

ಪೀಠಿಕೆ

ಬೆಂಗಳೂರಿನ ವಿಲ್ಸನ್ ಗಾರ್ಡನ್ ಬಡಾವಣೆಯ ನೆರೆಯಲ್ಲಿ, ಹೊಸೂರು ರಸ್ತೆಯ ಮೇಲಿರುವ ನಿಮ್ಹಾನ್ಸ್ ಸಮಾವೇಶ ಭವನವು ವೈದ್ಯಕೀಯ ಸಂಸ್ಥೆಯೊಂದಕ್ಕೆ ಸೇರಿದುದಾದರೂ ನಮ್ಮ ನಾಡಿನ ಗಣಕವಿಜ್ಞಾನದ ಚರಿತ್ರೆಯಲ್ಲಿಯೂ ಅದಕ್ಕೊಂದು ಸ್ಥಾನವುಂಟು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಿಂದ ಆರಂಭಗೊಂಡು, 2005ರಲ್ಲಿ ‘ಫಾಸ್.ಇನ್’ ಎಂದು ನಾಮಾಂತರ ಹೊಂದಿದ ಮುಕ್ತ ತಂತ್ರಾಂಶ ಸಮ್ಮೇಳನವು 2009ರಲ್ಲಿಯೂ 2012ರಲ್ಲಿಯೂ ಈ ಭವನದಲ್ಲಿ ನೆರೆಯಿತು. 2024ರ ಸೆಪ್ಟೆಂಬರಿನಲ್ಲಿ ‘ಇಂಡಿಯಾಫಾಸ್’ ಸಮ್ಮೇಳನವೂ ಇಲ್ಲಿಯೇ ಜರುಗಿತು.

ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ಅದರ ಮೂಲ ಬರಹವನ್ನು ಓದಬಹುದಾದ, ತಿದ್ದಬಹುದಾದ, ಇತರರೊಡನೆ ಹಂಚಿಕೊಳ್ಳಬಹುದಾದ ತಂತ್ರಾಂಶ. ಒಬ್ಬರನ್ನೊಬ್ಬರು ಕಂಡರಿಯದ ನೂರಾರು ಜನರು ಒಂದೇ ಕೃತಿಯ ಮೇಲೆ ದುಡಿಯುವ ಪದ್ಧತಿ ಇದು. ಇಂತಹ ದುಡಿಮೆಯಲ್ಲಿ ಏಳುವ ಮೊದಲ ಪ್ರಶ್ನೆಯೆಂದರೆ, ಒಬ್ಬನು ತನ್ನ ಯಂತ್ರದಲ್ಲಿ ಬರೆದು ಸರಿಯೆಂದು ಕಂಡುಕೊಂಡದ್ದು ಮತ್ತೊಬ್ಬನ ಯಂತ್ರದಲ್ಲಿಯೂ ಸರಿಯಾಗಿ ನಡೆಯುವುದೇ ಎಂಬುದು. ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಹಂಚಿಕೆಯ ಕಂಟೇನರ್ ಇಮೇಜುಗಳು ಪ್ರಮುಖವಾದುವು. ಅವುಗಳ ಸ್ವರೂಪವನ್ನೂ, ಅವುಗಳನ್ನು ಕಾಪಾಡುವ ಕ್ರಮವನ್ನೂ ಸಂಕ್ಷೇಪವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಂಟೇನರ್ ಮತ್ತು ಇಮೇಜ್

ಮೂಲ ಬರಹವನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ಕಾರ್ಯಕ್ಕೆ ‘ಬಿಲ್ಡ್’ ಎಂದು ಹೆಸರು. ಇದಕ್ಕೆ ಕಂಪೈಲರು, ಲೈಬ್ರರಿಗಳು ಮೊದಲಾದ ಉಪಕರಣಗಳು ಬೇಕು. ಅವುಗಳ ಆವೃತ್ತಿ ಬದಲಾದರೆ ಫಲಿತಾಂಶವೂ ಬದಲಾಗಬಹುದು. ಆದುದರಿಂದ ಉಪಕರಣಗಳೆಲ್ಲವನ್ನೂ ಒಂದೆಡೆ ಕಟ್ಟಿಟ್ಟು, ಆ ಗಂಟನ್ನೇ ಎಲ್ಲರಿಗೂ ಒದಗಿಸುವುದು ಸೂಕ್ತವೆನಿಸಿತು. ಈ ಗಂಟೇ ‘ಇಮೇಜ್’. ಇಲ್ಲಿ ಆ ಪದಕ್ಕೆ ಚಿತ್ರವೆಂಬ ಅರ್ಥವಿಲ್ಲ. ಇಮೇಜನ್ನು ಬಿಚ್ಚಿ ಚಾಲನೆಗೊಳಿಸಿದಾಗ ಉಂಟಾಗುವ ಪ್ರತ್ಯೇಕ ಆವರಣವೇ ‘ಕಂಟೇನರ್’. ಇಮೇಜುಗಳನ್ನು ಶೇಖರಿಸಿ ಬೇಡಿದವರಿಗೆ ಕೊಡುವ ಉಗ್ರಾಣಕ್ಕೆ ‘ರಿಜಿಸ್ಟ್ರಿ’ ಎನ್ನುತ್ತಾರೆ.

ಕಂಟೇನರಿನ ಆಧಾರ ಲಿನಕ್ಸ್ ಕರ್ನಲಿನಲ್ಲಿಯೇ ಇದೆ. ‘ನೇಮ್‌ಸ್ಪೇಸ್’ ಎಂಬ ಸೌಲಭ್ಯವು ಒಂದು ಆವರಣಕ್ಕೆ ಮತ್ತೊಂದು ಕಾಣದಂತೆ ಮಾಡುತ್ತದೆ. ‘ಸಿಗ್ರೂಪ್’ ಎಂಬುದು ಪ್ರತಿಯೊಂದು ಆವರಣವೂ ಬಳಸಬಹುದಾದ ಸಂಪನ್ಮೂಲಕ್ಕೆ ಮಿತಿಯನ್ನು ವಿಧಿಸುತ್ತದೆ. 2008ರಲ್ಲಿ ಕರ್ನಲಿಗೆ ಸೇರ್ಪಡೆಯಾದ ಸ್ಮೃತಿ ನಿಯಂತ್ರಣ ವಿಭಾಗದ ಪ್ರಮುಖ ರಚನಕಾರರಲ್ಲಿ ಐಬಿಎಂ ಸಂಸ್ಥೆಯ ಭಾರತದ ಪ್ರಯೋಗಾಲಯದಲ್ಲಿದ್ದ ಬಲ್ಬೀರ್ ಸಿಂಗ್ ಅವರು ಒಬ್ಬರೆಂಬುದು ಸ್ಮರಣೀಯ. ಈ ಸೌಲಭ್ಯಗಳನ್ನು ಜನಸಾಮಾನ್ಯರೂ ಬಳಸುವಂತೆ ಮಾಡಿದ ‘ಡಾಕರ್’ ತಂತ್ರಾಂಶವನ್ನು ಸಾಲೊಮನ್ ಹೈಕ್ಸ್ ಅವರು 2013ರ ಮಾರ್ಚ್ ತಿಂಗಳಲ್ಲಿ ಮೊದಲಿಗೆ ಸಾರ್ವಜನಿಕವಾಗಿ ಪ್ರದರ್ಶಿಸಿದರು.

ಹಂಚಿಕೆಯ ಇಮೇಜಿಗೊಂದು ನಿದರ್ಶನ

ಪೈಥಾನ್ ಭಾಷೆಯ ಬಳಗವು ರೂಪಿಸಿದ ‘ಮೆನಿಲಿನಕ್ಸ್’ ಇಮೇಜುಗಳು ಈ ವಿಷಯದಲ್ಲಿ ಉತ್ತಮ ನಿದರ್ಶನ. ಲಿನಕ್ಸಿನಲ್ಲಿ ಹಲವಾರು ಪ್ರಭೇದಗಳಿವೆ. ಒಂದರಲ್ಲಿ ಬಿಲ್ಡ್ ಮಾಡಿದ್ದು ಮತ್ತೊಂದರಲ್ಲಿ ನಡೆಯುವುದೆಂಬ ಭರವಸೆಯಿಲ್ಲ. ‘ಗ್ಲಿಬ್‌ಸಿ’ ಎಂಬ ಮೂಲ ಲೈಬ್ರರಿಯ ಹಳೆಯ ಆವೃತ್ತಿಯ ಮೇಲೆ ಕಟ್ಟಿದ್ದು ಹೊಸದರ ಮೇಲೆ ಸಾಮಾನ್ಯವಾಗಿ ನಡೆಯುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ನಡೆಯದೆ ಹೋಗಬಹುದು. ಈ ಸೂಕ್ಷ್ಮವನ್ನರಿತ ಬಳಗವು 2016ರಲ್ಲಿ, ಆಗಲೇ ಬಹಳ ಹಳೆಯದಾಗಿದ್ದ ಸೆಂಟ್‌ಒಎಸ್ 5ನ್ನು ಬುದ್ಧಿಪೂರ್ವಕವಾಗಿ ಆರಿಸಿ, ಅದರ ಮೇಲೆ ಹೊಸ ಕಂಪೈಲರನ್ನಿರಿಸಿ ಇಮೇಜೊಂದನ್ನು ಸಿದ್ಧಪಡಿಸಿತು. ಅದರೊಳಗೆ ಕಟ್ಟಿದ ಪೈಥಾನ್ ಕಟ್ಟುಗಳು ಪ್ರಚಲಿತ ಲಿನಕ್ಸ್ ಪ್ರಭೇದಗಳಲ್ಲಿ ಬಹುಪಾಲು ಎಲ್ಲೆಡೆಯೂ ನಡೆಯತೊಡಗಿದವು. ಪ್ರತಿಯೊಂದು ಯೋಜನೆಯೂ ತನ್ನದೇ ಆದ ಸಲಕರಣೆಯನ್ನು ಹೂಡುವ ಶ್ರಮ ಇದರಿಂದ ತಪ್ಪಿತು.

ಆದರೆ ಹಳೆಯದನ್ನು ಆಶ್ರಯಿಸಿದವರಿಗೆ ಅದರ ಆಯುಷ್ಯದ ಅರಿವೂ ಇರಬೇಕು. ಸೆಂಟ್‌ಒಎಸ್ 5ರ ಪೋಷಣೆಯು 2017ರಲ್ಲಿ ನಿಂತಿತು. ಅನಂತರ ಸೆಂಟ್‌ಒಎಸ್ 6ರ ಮೇಲೆ ಒಂದು, ಸೆಂಟ್‌ಒಎಸ್ 7ರ ಮೇಲೆ ಮತ್ತೊಂದು, ಆಲ್ಮಾಲಿನಕ್ಸ್ 8ರ ಮೇಲೆ ಇನ್ನೊಂದು ಇಮೇಜುಗಳು ಬಂದವು. ಸೆಂಟ್‌ಒಎಸ್ 7ರ ಅವಧಿಯು 2024ರ ಜೂನ್ 30ರಂದು ಮುಗಿದಾಗ, ಅದರ ಪೊಟ್ಟಣಗಳ ದಾರಿ ತೋರುತ್ತಿದ್ದ ಮಿರರ್ ಪಟ್ಟಿಯ ಸೇವೆಯೂ ಸ್ಥಗಿತಗೊಂಡಿತು. ಬಿಲ್ಡಿನ ನಡುವೆ ಅಲ್ಲಿಂದ ಪೊಟ್ಟಣಗಳನ್ನು ತರಿಸುತ್ತಿದ್ದ ಪರೀಕ್ಷೆಗಳು, ಹಳೆಯ ದಾಸ್ತಾನಿನ ವಿಳಾಸಕ್ಕೆ ಬದಲಾಯಿಸುವವರೆಗೂ ವಿಫಲವಾದವು. ಮೂಲ ಬರಹದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದುದು ಅದರ ಕೆಳಗಿದ್ದ ನೆಲ.

ಹೆಸರು ಬೇರೆ, ವಸ್ತು ಬೇರೆ

ಇಮೇಜನ್ನು ಗುರುತಿಸಲು ಎರಡು ವಿಧಾನಗಳಿವೆ. ‘ಟ್ಯಾಗ್’ ಎಂಬುದು ಮನುಷ್ಯರಿಟ್ಟ ಹೆಸರು. ಅದನ್ನು ಇಂದು ಒಂದು ಇಮೇಜಿಗೂ ನಾಳೆ ಮತ್ತೊಂದಕ್ಕೂ ಅಂಟಿಸಬಹುದು. ವಿಶೇಷವಾಗಿ ‘ಲೇಟೆಸ್ಟ್’ ಎಂಬ ಟ್ಯಾಗನ್ನು ನಂಬಿದವನಿಗೆ ತಾನು ಯಾವುದನ್ನು ಬಳಸಿದೆನೆಂಬುದೇ ತಿಳಿಯದು. ‘ಡೈಜೆಸ್ಟ್’ ಎಂಬುದಾದರೋ ಇಮೇಜಿನ ಒಳವಸ್ತುವಿನಿಂದಲೇ ಗಣಿಸಿ ತೆಗೆದ ಸಂಖ್ಯೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದನ್ನು 64 ಚಿಹ್ನೆಗಳಲ್ಲಿ ಬರೆಯುತ್ತಾರೆ. ವಸ್ತುವಿನಲ್ಲಿ ಒಂದು ಬಿಂದುವಿನಷ್ಟು ವ್ಯತ್ಯಾಸವಾದರೂ ಡೈಜೆಸ್ಟ್ ಪೂರ್ಣವಾಗಿ ಬೇರೆಯಾಗುತ್ತದೆ.

ಈ ಭೇದವನ್ನು ಅಲಕ್ಷಿಸಿದರೆ ಒದಗುವ ಅಪಾಯವನ್ನು 2025ರ ಮಾರ್ಚ್ ತಿಂಗಳ ಘಟನೆಯೊಂದು ತೋರಿಸಿಕೊಟ್ಟಿತು. ಗಿಟ್‌ಹಬ್‌ನಲ್ಲಿ 23,000ಕ್ಕೂ ಹೆಚ್ಚು ಯೋಜನೆಗಳು ಪರೀಕ್ಷೆಯ ವೇಳೆ ಬಳಸುತ್ತಿದ್ದ ‘ಟಿಜೆ-ಆಕ್ಷನ್ಸ್’ ಎಂಬ ಸಲಕರಣೆಯ ಟ್ಯಾಗುಗಳನ್ನು ದುಷ್ಕರ್ಮಿಗಳು ಬದಲಿಸಿ, ಗುಪ್ತ ಕೀಲಿಗಳನ್ನು ಹೊರಗೆಡಹುವ ಬರಹವೊಂದರತ್ತ ತಿರುಗಿಸಿದ್ದರು. ಅದು ಇಮೇಜಿನ ಟ್ಯಾಗಲ್ಲವಾದರೂ ತತ್ತ್ವವು ಒಂದೇ. ಹೆಸರನ್ನು ನಂಬಿದ್ದವರು ಅಪಾಯಕ್ಕೆ ಒಡ್ಡಿಕೊಂಡರು. ವಸ್ತುವಿನ ಗುರುತನ್ನು ಬರೆದಿಟ್ಟು ಅದನ್ನೇ ಬಳಸುತ್ತಿದ್ದವರು ಪಾರಾದರು.

ಆದರೆ ಡೈಜೆಸ್ಟಿಗೆ ಕಟ್ಟುಬಿದ್ದು ಸುಮ್ಮನೆ ಕುಳಿತರೂ ಸಾಲದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಅವರು ‘ಎಕ್ಸ್‌ಜೆಡ್’ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹುದುಗಿಸಿದ್ದ ಕಳ್ಳಬಾಗಿಲನ್ನು ಬಯಲಿಗೆಳೆದರು. ಒಂದು ವರ್ಷಕ್ಕೂ ಮಿಗಿಲಾದ ಕಾಲ ಕಳೆದ ಮೇಲೆ, 2025ರ ಆಗಸ್ಟಿನಲ್ಲಿ, ಅದೇ ಆವೃತ್ತಿಯನ್ನೊಳಗೊಂಡ ಹಲವು ಹಳೆಯ ಇಮೇಜುಗಳು ಡಾಕರ್ ಹಬ್‌ನಲ್ಲಿ ಇನ್ನೂ ಉಳಿದಿರುವುದು ವರದಿಯಾಯಿತು. ಸ್ಥಿರತೆ ಮತ್ತು ಸುರಕ್ಷಿತತೆ ಎಂಬ ಎರಡು ಗುಣಗಳು ತಾವಾಗಿಯೇ ಕೂಡಿ ಬರುವುದಿಲ್ಲ. ಅವುಗಳನ್ನು ಕೂಡಿಸುವವರು ಪಾಲಕರು.

ಉಗ್ರಾಣದ ವೆಚ್ಚ

ಹಂಚಿಕೆಯ ಇಮೇಜುಗಳು ಬಳಸುವವರಿಗೆ ಉಚಿತವಾಗಿ ದೊರೆಯುತ್ತವೆ. ಆದರೆ ಉಚಿತವೆಂದರೆ ವೆಚ್ಚವಿಲ್ಲವೆಂದರ್ಥವಲ್ಲ. ವೆಚ್ಚವನ್ನು ಬೇರೊಬ್ಬರು ಹೊರುತ್ತಿದ್ದಾರೆಂದರ್ಥ. ಡಾಕರ್ ಸಂಸ್ಥೆಯು 2020ರ ನವೆಂಬರಿನಿಂದ ತನ್ನ ಉಗ್ರಾಣದ ಮೇಲೆ ಮಿತಿಯನ್ನು ಹೇರಿತು. ಅದರಂತೆ ಹೆಸರು ನೋಂದಾಯಿಸದವರಿಗೆ 6 ಗಂಟೆಗಳಲ್ಲಿ 100, ನೋಂದಾಯಿಸಿದ ಉಚಿತ ಬಳಕೆದಾರರಿಗೆ 200 ಸಲ ಮಾತ್ರ ಇಮೇಜು ದೊರೆಯುವಂತಾಯಿತು. ಒಂದೇ ಜಾಲವಿಳಾಸದ ಹಿಂದೆ ನೂರಾರು ಪರೀಕ್ಷೆಗಳನ್ನು ನಡೆಸುತ್ತಿದ್ದ ಯೋಜನೆಗಳಿಗೆ ಇದು ತೊಡಕಾಯಿತು. 2023ರ ಮಾರ್ಚಿನಲ್ಲಿ ಅದೇ ಸಂಸ್ಥೆಯು ಉಚಿತ ತಂಡಗಳ ಖಾತೆಗಳನ್ನು ಕೊನೆಗೊಳಿಸುವುದಾಗಿ ಪ್ರಕಟಿಸಿ, ವಿರೋಧ ವ್ಯಕ್ತವಾದ ಬಳಿಕ ಅದೇ ತಿಂಗಳ 24ರಂದು ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಆ ಕೆಲವು ದಿನಗಳಲ್ಲಿ ಅನೇಕ ಯೋಜನೆಗಳಿಗೆ ತಾವು ಪರರ ಅಂಗಳದಲ್ಲಿ ಬೀಡುಬಿಟ್ಟಿರುವುದು ಮನವರಿಕೆಯಾಯಿತು.

ಪಾಲನೆಯ ಕ್ರಮ

ಮೇಲಿನ ಅನುಭವಗಳಿಂದ ಫಲಿಸುವ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು:

1. ಇಮೇಜನ್ನು ತಯಾರಿಸುವ ವಿಧಾನವು ಲಿಖಿತವಾಗಿದ್ದು, ಯೋಜನೆಯ ಮೂಲ ಬರಹದೊಡನೆಯೇ ಇರತಕ್ಕದ್ದು. ಒಬ್ಬನು ತನ್ನ ಯಂತ್ರದಲ್ಲಿ ಕೈಯಾರೆ ಮಾಡಿ ಏರಿಸಿದ ಇಮೇಜು ಅವನು ಬಿಟ್ಟುಹೋದೊಡನೆ ಅನಾಥವಾಗುತ್ತದೆ.

2. ಪರೀಕ್ಷೆಗಳು ಇಮೇಜನ್ನು ಡೈಜೆಸ್ಟಿನಿಂದಲೇ ಕರೆಯಬೇಕು. ಟ್ಯಾಗಿನಲ್ಲಿ ದಿನಾಂಕವಿದ್ದರೆ ಓದುವವರಿಗೆ ಅನುಕೂಲ.

3. ನಿಯತಕಾಲದಲ್ಲಿ ಇಮೇಜನ್ನು ಪುನಃ ಕಟ್ಟಬೇಕು. ಹೊಸದು ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ಅದನ್ನು ಬಳಕೆಗೆ ತರಬೇಕು. ಹಿಂದಿನದನ್ನು ಕೆಲಕಾಲ ಉಳಿಸಿಕೊಂಡಿರಬೇಕು.

4. ಇಮೇಜುಗಳ ಸಂಖ್ಯೆ ಮಿತವಾಗಿರಲಿ. ಪ್ರತಿಯೊಂದಕ್ಕೂ ಕಾರಣವೂ ನಿವೃತ್ತಿಯ ದಿನವೂ ಗೊತ್ತಿರಲಿ. ನಿವೃತ್ತಿಯನ್ನು ಮುಂಚಿತವಾಗಿ ಸಾರಬೇಕು.

5. ಉಗ್ರಾಣದಿಂದ ತೆಗೆದುಕೊಳ್ಳುವ ಅಧಿಕಾರ ಎಲ್ಲರಿಗೂ ಇರಲಿ. ಅದರಲ್ಲಿ ಇರಿಸುವ ಅಧಿಕಾರ ಕೆಲವರಿಗೆ ಮಾತ್ರ. ಹೊರಗಿನವರು ಕಳುಹಿಸಿದ ತಿದ್ದುಪಡಿಯನ್ನು ಪರೀಕ್ಷಿಸುವ ಯಂತ್ರದ ಕೈಗೆ ಉಗ್ರಾಣದ ಕೀಲಿಯನ್ನು ಕೊಡಲೇಬಾರದು.

6. ಇಮೇಜುಗಳ ಪ್ರತಿಯು ಎರಡನೆಯ ಉಗ್ರಾಣದಲ್ಲಿಯೂ ಇರಬೇಕು. ಪಾಲಕರು ಇಬ್ಬರಿಗಿಂತ ಕಡಿಮೆ ಇರಬಾರದು.

ಉಪಸಂಹಾರ

ಈ ಎಲ್ಲ ಎಚ್ಚರಿಕೆಯೂ ಯಂತ್ರಗಳಿಗಾಗಿ ಅಲ್ಲ, ಮನುಷ್ಯರಿಗಾಗಿ. ಸಣ್ಣ ಊರೊಂದರ ವಿದ್ಯಾರ್ಥಿನಿಯೊಬ್ಬಳು ಹಲವು ರಾತ್ರಿಗಳ ಪರಿಶ್ರಮದಿಂದ ತನ್ನ ಮೊದಲ ತಿದ್ದುಪಡಿಯನ್ನು ಸಿದ್ಧಪಡಿಸಿ ಮುಕ್ತ ತಂತ್ರಾಂಶ ಯೋಜನೆಯೊಂದಕ್ಕೆ ಕಳುಹಿಸುತ್ತಾಳೆಂದು ಭಾವಿಸೋಣ. ಇಮೇಜು ಹಳಸಿದ್ದರಿಂದ ಪರೀಕ್ಷೆಯು ವಿಫಲವಾದರೆ, ದೋಷವು ತನ್ನದೋ ಉಗ್ರಾಣದ್ದೋ ಎಂಬುದನ್ನು ಆಕೆ ಅರಿಯಲಾರಳು. ಅನುಭವಿಯು ಮತ್ತೊಮ್ಮೆ ಪ್ರಯತ್ನಿಸುತ್ತಾನೆ. ಹೊಸಬಳು ತನಗೆ ಯೋಗ್ಯತೆಯಿಲ್ಲವೆಂದು ಹಿಂದೆ ಸರಿಯುತ್ತಾಳೆ. ಹೀಗೆ ಹಿಂದೆ ಸರಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಇನ್ನೊಂದು ಕೇಡೂ ಉಂಟು. ಕಾರಣವಿಲ್ಲದೆ ಪದೇ ಪದೇ ಸೋಲುವ ಪರೀಕ್ಷೆಯನ್ನು ಎಲ್ಲರೂ ಅಲಕ್ಷಿಸತೊಡಗುತ್ತಾರೆ. ಅದು ನಿಜವಾದ ದೋಷವನ್ನು ತೋರಿಸಿದ ದಿನವೂ ಅದನ್ನು ಕೇಳುವವರಿರುವುದಿಲ್ಲ.

ಹೊಸದನ್ನು ರಚಿಸಿದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ರಚಿತವಾದುದನ್ನು ದಿನದಿನವೂ ಕಾಪಾಡಿದವರ ಹೆಸರು ಉಳಿಯುವುದು ವಿರಳ. ಗಣಕವಿಜ್ಞಾನವನ್ನು ಬೋಧಿಸುವ ಅಧ್ಯಾಪಕರು ತಂತ್ರಾಂಶವನ್ನು ಬರೆಯುವುದರೊಂದಿಗೆ ಅದರ ಪರೀಕ್ಷೆಯ ಸಲಕರಣೆಗಳನ್ನು ಪಾಲಿಸುವುದನ್ನೂ ವಿದ್ಯಾರ್ಥಿಗಳಿಗೆ ಕಲಿಸುವುದು ಉಚಿತ. ಶಾಲೆಯ ಪ್ರಯೋಗಾಲಯಕ್ಕೆ ಗಣಕಯಂತ್ರಗಳನ್ನು ನೀಡುವ ದಾನಿಗಳು ಅವುಗಳ ನಿರ್ವಹಣೆಗೂ ಒಂದು ಭಾಗವನ್ನು ಮೀಸಲಿಟ್ಟರೆ ದಾನವು ಬಹುಕಾಲ ಫಲ ಕೊಡುತ್ತದೆ. ಹಲವರು ಕೂಡಿ ಬಳಸುವ ವಸ್ತುವು ಹಲವರದೂ ಹೌದು. ಆದರೆ ಅದರ ಬೀಗದ ಕೈಯನ್ನು ಹೊತ್ತು, ಅದರ ಲೆಕ್ಕವನ್ನು ಬರೆಯುವ ಒಬ್ಬರಿಬ್ಬರು ಇರದೆ ಅದು ಯಾರದೂ ಆಗಿ ಉಳಿಯಲಾರದು.